ಹೆಜ್ಜೆ ಅಳಿಸಿದ ಶುಕ್ರವಾರ

ತಮ್ಮನ ಕಾಲು ಮುರಿಯುತ್ತದೆ ಎಂದು ನನಗೆ ಮೊದಲೇ ತಿಳಿದಿತ್ತು. ನಾನು ಹೇಳಲಿಲ್ಲ. ಈ ಎರಡು ವಾಕ್ಯಗಳನ್ನು ಒಟ್ಟಿಗೆ ಇಡುವುದು ಇಷ್ಟು ವರ್ಷ ನನ್ನಿಂದ ಆಗಿರಲಿಲ್ಲ. ಮೊನ್ನೆ ಮನೆಯೆದುರು ರಸ್ತೆ ಅಗಲ ಮಾಡುವವರು ಟ್ಯಾಂಕರ್ ತಂದು ಧೂಳಿಗೆ ನೀರು ಹೊಡೆದರು. ಆ ವಾಸನೆ ಜಗಲಿಗೆ ಬಂದದ್ದೇ ತಡ, ಕೈಯಲ್ಲಿದ್ದ ಚಾ ಆರಿ ತಣ್ಣಗಾಗುವವರೆಗೆ ಕೂತಲ್ಲೇ ಕೂತಿದ್ದೆ. ಒದ್ದೆ ಧೂಳಿನ ವಾಸನೆ ನಿಮಗೆ ಮಳೆಯನ್ನು ನೆನಪಿಸಬಹುದು. ನನಗೆ ಅದು ಒಮಾನಿನದ್ದು.

ಏಳನೇ ಕ್ಲಾಸಿಗೆ ಶಾಲೆ ಬಿಟ್ಟವನು ನಾನು. ಬರೆಯುವಾಗ ದಾರಿ ತಪ್ಪಿದರೆ ಸ್ವಲ್ಪ ಕಾಯಿರಿ, ತಿರುಗಿ ಬರುತ್ತೇನೆ. ಎಂಬತ್ತರ ದಶಕದ ಕೊನೆಯಲ್ಲಿ ಅಲ್ ಖೌದ್ ಹತ್ತಿರ ಒಂದು ಕಟ್ಟಡ ಕಂಪನಿಯ ಕ್ಯಾಂಪಿನಲ್ಲಿ ನೀರಿನ ಟ್ಯಾಂಕರ್ ಓಡಿಸುತ್ತಿದ್ದೆ. ಕ್ಯಾಂಪಿನ ಹಿಂದೆ ವಾದಿ, ಅಂದರೆ ವರ್ಷವಿಡೀ ಒಣಗಿ ಬಿದ್ದಿರುವ ಹೊಳೆ. ಅದರ ದಂಡೆಯಲ್ಲಿ ನಮ್ಮ ಕ್ರಿಕೆಟ್ ಮೈದಾನ. ಹುಲ್ಲಿನ ಎಸಳೂ ಇಲ್ಲ. ನಡುವೆ ಸಿಮೆಂಟಿನ ಪಿಚ್, ಅದರ ಮೇಲೆ ನಾರಿನ ಮ್ಯಾಟ್, ಸುತ್ತ ಬಿಳಿ ಮಣ್ಣು. ದಿನಾ ಬೆಳಿಗ್ಗೆ ನೀರು ಹೊಡೆದು, ಟ್ಯಾಂಕರಿನ ಹಿಂದೆ ಹಳೆಯ ಕಬ್ಬಿಣದ ಮಂಚದ ಜಾಲರಿ ಕಟ್ಟಿ ಎಳೆದು ನೆಲ ಸಮ ಮಾಡುವುದು ನನ್ನ ಕೆಲಸ. ಆಡುವ ಯೋಗ್ಯತೆ ನನಗಿರಲಿಲ್ಲ. ಒಮ್ಮೆ ಬೌಲಿಂಗ್ ಮಾಡಿದಾಗ ಚೆಂಡು ಮೆಸ್ಸಿನ ತಗಡಿನ ಮೇಲೆ ಬಿದ್ದು, ಅಡುಗೆಯವ ಸೌಟು ಹಿಡಿದು ಹೊರಗೆ ಬಂದಿದ್ದ. ಅಂದಿನಿಂದ ನೆಟ್ಸಿನಲ್ಲಿ ನನ್ನನ್ನು ಅಂಪೈರ್ ಜಾಗದಲ್ಲಿ ನಿಲ್ಲಿಸಿದರು.

ಸೆಪ್ಟೆಂಬರ್ ಮುಗಿಯುತ್ತ ಬಿಸಿಲು ತಗ್ಗಿದರೆ ಕಂಪನಿಗಳ ಕ್ರಿಕೆಟ್ ಲೀಗಿನ ತಯಾರಿ. ಟೀಮು ನೋಡಿಕೊಳ್ಳುತ್ತಿದ್ದವರು ಮೈಸೂರಿನ ಇಂಜಿನಿಯರ್ ರಾವ್ ಸರ್. ಆ ವರ್ಷ ವೇಗದ ಬೌಲರುಗಳು ಮೂವರು ಬೇಕಿತ್ತು, ಐವರಿದ್ದರು.

"ಬಾಲ್ ಎಲ್ಲಿ ಬೀಳುತ್ತೆ ಅಂತ ನಾನು ನೋಡ್ಕೋತೀನಿ. ಕಾಲು ಹೇಗೆ ಬೀಳುತ್ತೆ ಅಂತ ನೀನು ನೋಡಪ್ಪ. ಇಡೀ ಸೀಸನ್ ಓಡೋರು ಬೇಕು ನಂಗೆ" ಎಂದರು.

ಹಾಗೆ ನಾನು ಸಂಜೆ ಹೊತ್ತು ಹೆಜ್ಜೆ ನೋಡಲು ಕೂತೆ. ನನಗೆ ಜೊತೆಯಾದವನು ಕ್ಯಾಂಪಿನ ಕಾವಲುಗಾರ ಸಾಲೆಂ. ಮರುಭೂಮಿ ಕಡೆಯ ಮುದುಕ. ಹರೆಯದಲ್ಲಿ ತಪ್ಪಿಸಿಕೊಂಡ ಒಂಟೆಗಳನ್ನು ಹೆಜ್ಜೆ ಹಿಡಿದು ಹುಡುಕಿ ತರುತ್ತಿದ್ದನಂತೆ. ಕ್ರಿಕೆಟ್ ಅವನಿಗೆ ಅರ್ಥವಾಗುತ್ತಿರಲಿಲ್ಲ. "ಇವರನ್ನೆಲ್ಲ ಯಾರು ಅಟ್ಟಿಸಿಕೊಂಡು ಬರುತ್ತಿದ್ದಾರೆ?" ಎಂದು ತನ್ನ ಹರುಕು ಉರ್ದುವಿನಲ್ಲಿ ಕೇಳಿದ್ದ. ಆದರೆ ಆಟ ಮುಗಿದ ಮೇಲೆ ಬಂದು, ಯಾರು ಓಡಿದ್ದೆಂದು ನೋಡದೆಯೇ ಹೆಜ್ಜೆ ಓದುತ್ತಿದ್ದ. ಇವನ ಶೂ ಹೊಸತು, ಇವನು ಹೊಟ್ಟೆ ತುಂಬ ತಿಂದು ಬಂದಿದ್ದಾನೆ, ಹೀಗೆ. ನಾನು ನಗುತ್ತಿದ್ದೆ. ಒಂದು ಸಂಜೆ ಗೋವಾದ ಸ್ಟೋರ್‌ಕೀಪರನ ಹೆಜ್ಜೆ ನೋಡಿ, "ಇವನು ಊರಿಗೆ ಹೋಗುತ್ತಾನೆ, ಹಿಮ್ಮಡಿ ಈ ನೆಲಕ್ಕೆ ತಾಗುತ್ತಿಲ್ಲ" ಎಂದ. ನಾಲ್ಕನೇ ದಿನ ಸ್ಟೋರ್‌ಕೀಪರನಿಗೆ ತಂದೆ ತೀರಿಕೊಂಡ ಟೆಲಿಗ್ರಾಂ ಬಂತು. ಹೋದವನು ತಿರುಗಿ ಬರಲಿಲ್ಲ. ಆಮೇಲೆ ಸಾಲೆಂನ ಎದುರು ನಡೆಯುವಾಗ ನಾನು ಚಪ್ಪಲಿ ಎಳೆದುಕೊಂಡು ಹೋಗುತ್ತಿದ್ದೆ, ಅವನಿಗೆ ಓದಲು ಏನೂ ಸಿಗದ ಹಾಗೆ.

ಐವರಲ್ಲಿ ಒಬ್ಬ ನನ್ನ ತಮ್ಮ ಶೇಖರ. ಇಪ್ಪತ್ತೆರಡರ ಹುಡುಗ, ನಾನೇ ಹೇಳಿ ವೀಸಾ ಮಾಡಿಸಿ ಕರೆಸಿಕೊಂಡದ್ದು. ಬಿಸಿಲಿನಲ್ಲಿ ಸೆಂಟ್ರಿಂಗ್ ಹಲಗೆ ಹೊರುವ ಕೆಲಸ. ಹನ್ನೊಂದು ಹೆಜ್ಜೆ ಓಡಿ ಬಂದು ಹಾರಿದರೆ ನೋಡಲು ಚಂದ. ಸ್ಟೋರಿನ ಜಾಗ ಖಾಲಿಯಾದಾಗ ರಾವ್ ಸರ್, "ಟೀಮಿಗೆ ಬಂದ್ರೆ ಸ್ಟೋರಿಗೆ ನಿನ್ ತಮ್ಮನ್ನೇ ಹಾಕ್ಸೋಣ" ಎಂದಿದ್ದರು.

ಅದರ ಮರುದಿನವೇ ಸಾಲೆಂ ಒಂದು ಎಡಗಾಲಿನ ಗುರುತಿನ ಪಕ್ಕ ಮಂಡಿಯೂರಿ, ಅಂಗೈ ಅದರ ಮೇಲಿಟ್ಟ. ಜ್ವರ ನೋಡುವವರ ಹಾಗೆ. "ಹಾದಾ ನಫರ್, ರಿಜಿಲ್ ಖಲಾಸ್" ಎಂದ. ಈ ಆಸಾಮಿಯ ಕಾಲು ಮುಗಿಯಿತು ಎಂದು. ಹೊರಗಿನ ಅಂಚು ಆಳಕ್ಕೆ ಇಳಿದಿತ್ತು, ಹೆಬ್ಬೆರಳಿನ ಕಡೆ ಗುರುತೇ ಇಲ್ಲ. "ಒಳಗೆ ಎಲುಬು ಬಿರುಕು ಬಿಟ್ಟಿದೆ. ಓಡಿಸಬೇಡ." ಯಾರ ಕಾಲು ಎಂದು ಅವನು ಕೇಳಲಿಲ್ಲ. ನನಗೆ ಗೊತ್ತಿತ್ತು.

ರೂಮಿಗೆ ಬಂದರೆ ಶೇಖರ ಹಳೆಯ ಲುಂಗಿಯ ಬಟ್ಟೆ ಹರಿದು ಪಾದಕ್ಕೆ ಸುತ್ತುತ್ತಿದ್ದ.

"ನೋವುಂಟಾ?"

"ಎಂತ ಇಲ್ಲ ಅಣ್ಣ. ಶೂ ಸ್ವಲ್ಪ ಟೈಟ್."

"ಹ್ಞೂಂ."

"ಸ್ಟೋರಿನಲ್ಲಿ ಎ.ಸಿ. ಉಂಟಂತಲ್ಲ, ಹೌದಾ?"

ನೋವಿನ ಬಗ್ಗೆ ನಾನು ಕೇಳಿದ್ದು ಆ ಒಂದೇ ಪ್ರಶ್ನೆ. ಅವನ ಒಳ್ಳೆಯದಕ್ಕೇ ಸುಮ್ಮನಾದೆ ಎಂದು ನನಗೆ ನಾನೇ ಎಷ್ಟೋ ಸಲ ಹೇಳಿಕೊಂಡಿದ್ದೇನೆ. ಪೂರ್ತಿ ನಿಜವಲ್ಲ. ಶೇಖರ ಕಂಪನಿ ಟೀಮಿನಲ್ಲಿದ್ದಾನೆ ಎಂದು ನಾನು ಆಗಲೇ ಊರಿಗೆ ಕಾಗದ ಹಾಕಿ ಆಗಿತ್ತು.

ಮುದುಕನ ವಿದ್ಯೆ ರಾವ್ ಸರ್ ಕಿವಿಗೂ ಬಿತ್ತು. ಲೀಗಿಗೆ ಆಟಗಾರರ ಹೆಸರು ಕೊಡಲು ಕೊನೆಯ ದಿನ ಶುಕ್ರವಾರ. "ಗುರುವಾರದ ಹೆಜ್ಜೆ ಹಾಗೇ ಇರ್ಲಿ. ಬೆಳಿಗ್ಗೆ ಮುದುಕನ್ನ ಕರ್ಕೊಂಡು ಬಾ, ಏನಂತಾನೆ ನೋಡೋಣ" ಎಂದರು.

ಶುಕ್ರವಾರ ಬೆಳಕು ಹರಿಯುವಾಗಲೇ ನಾನು ಜಾಲರಿ ಕಟ್ಟಿ ಎಳೆದೆ. ಒಂದಲ್ಲ, ಮೂರು ಸುತ್ತು. ಅವರು ಬರುವಾಗ ನೆಲ ತೊಳೆದ ತಟ್ಟೆಯ ಹಾಗಿತ್ತು.

"ಏನಯ್ಯ, ಅಳಿಸ್ಬಿಟ್ಯಾ?"

"ಅಭ್ಯಾಸ ಸರ್. ಮರೆತುಹೋಯ್ತು."

ರಾವ್ ಸರ್ ನಕ್ಕು ಪೆನ್ನು ತೆಗೆದರು. "ನಿನ್ ತಮ್ಮ ಹೇಗೆ? ಸೀಸನ್ ಪೂರ್ತಿ ಓಡ್ತಾನಾ?"

"ಓಡ್ತಾನೆ ಸರ್."

ಸಾಲೆಂ ಮೈದಾನವನ್ನು ನೋಡುತ್ತಿರಲಿಲ್ಲ. ನನ್ನ ಪಾದಗಳನ್ನು ನೋಡುತ್ತಿದ್ದ.

ಸ್ಟೋರಿನ ಕೆಲಸ ಅವನ ಕೈಗೆ ಬರುವ ಮೊದಲೇ, ಮೂರನೇ ಮ್ಯಾಚಿನಲ್ಲಿ ಆಯಿತು. ನಾನು ಬೌಂಡರಿ ಗೆರೆಯಾಚೆ ಟ್ಯಾಂಕರಿನ ನೆರಳಿನಲ್ಲಿದ್ದೆ. ಶೇಖರ ಹಾರಿ ಎಡಗಾಲು ಊರಿದಾಗ ಒಣ ಕಡ್ಡಿ ಮುರಿದಂತೆ ಒಂದು ಸದ್ದು ಕೇಳಿಸಿತು. ಅಷ್ಟು ದೂರಕ್ಕೆ ಕೇಳಿಸುವ ಸದ್ದಲ್ಲ. ಪಕ್ಕದಲ್ಲಿದ್ದ ಅಂಪೈರಿಗೇ ಕೇಳಿಸಿರಲಿಲ್ಲ, ಆಮೇಲೆ ವಿಚಾರಿಸಿದೆ. ಪ್ಲಾಸ್ಟರ್ ಬಿಚ್ಚಿದ ಮೇಲೂ ಕಾಲು ನೆಟ್ಟಗಾಗಲಿಲ್ಲ. ಅಷ್ಟರಲ್ಲಿ ಸ್ಟೋರಿಗೆ ಬೇರೆಯವರು ಬಂದಿದ್ದರು. ಹಲಗೆ ಹೊರಲಾಗದವನನ್ನು ಕಂಪನಿ ಊರಿಗೆ ಕಳಿಸಿತು.

ಇಲ್ಲಿಂದ ಮುಂದಿನದನ್ನು ನೀವು ನಂಬಬೇಕೆಂದು ನಾನು ಕೇಳುವುದಿಲ್ಲ. ಅವನು ಹೋದ ಮೇಲೆ ಎರಡನೆಯ ಬೆಳಿಗ್ಗೆ ಮೈದಾನಕ್ಕೆ ಬಂದೆ. ಹಿಂದಿನ ದಿನ ಆಟ ಇರಲಿಲ್ಲ, ನೆಲ ನಾನು ಬಿಟ್ಟು ಹೋದ ಹಾಗೇ ಇತ್ತು. ಅದರ ಮೇಲೆ ಹನ್ನೊಂದು ಹೆಜ್ಜೆ. ಬೌಲಿಂಗ್ ಗೆರೆಯವರೆಗೆ ಬಂದಿವೆ, ತಿರುಗಿ ಹೋಗಿಲ್ಲ. ಎಡಗಾಲಿನ ಹೊರ ಅಂಚು ಆಳ, ಹೆಬ್ಬೆರಳಿನ ಕಡೆ ಗುರುತಿಲ್ಲ. ಸಾಲೆಂ ಬಂದು ನೋಡಿದ. ಚಪ್ಪಲಿ ಕಳಚಿ, ಹೆಜ್ಜೆಗಳನ್ನು ದಾಟದೆ ಸುತ್ತು ಹಾಕಿ ನನ್ನ ಬಳಿ ಬಂದ.

"ತಮ್ಮ ಬದುಕಿದ್ದಾನಾ?"

"ಇದ್ದಾನೆ. ಊರು ಮುಟ್ಟಿದ ಸುದ್ದಿ ಬಂದಿದೆ."

"ಹಾಗಾದರೆ ಇದನ್ನು ಅಳಿಸಬೇಡ. ಅವನಿಗೆ ಏನು ಹೇಳಬೇಕೋ ಹೇಳು."

ನಾನು ಅಳಿಸಿದೆ. ಮರುದಿನ ಮತ್ತೆ ಇದ್ದವು. ಮತ್ತೆ ಅಳಿಸಿದೆ. ಮೂರು ವಾರ ಹೀಗೆ ನಡೆಯಿತು. ಕೊನೆಗೆ ಕೇಳಿಕೊಂಡು ರುಸ್ತಾಕ್ ಸೈಟಿಗೆ ವರ್ಗ ಮಾಡಿಸಿಕೊಂಡು ಹೋದೆ. ಊರಿಗೆ ಬಂದಾಗಲೆಲ್ಲ ತಮ್ಮನಿಗೆ ಸೆಂಟು, ಟಾರ್ಚು, ಶರ್ಟಿನ ಬಟ್ಟೆ ತಂದುಕೊಟ್ಟೆ. ಮಾತೊಂದನ್ನು ತರಲಿಲ್ಲ.

ಮೊನ್ನೆ ಆ ತಣ್ಣಗಾದ ಚಾ ಚೆಲ್ಲಿ, ಬಸ್ಸು ಹಿಡಿದು ಕಾರ್ಕಳಕ್ಕೆ ಹೋದೆ. ಶೇಖರ ತನ್ನ ಅಂಗಡಿಯಲ್ಲಿ ಸ್ಟೂಲಿನ ಮೇಲೆ ಕಾಲು ಚಾಚಿ ಕೂತಿದ್ದ. ಈಗ ಅವನ ಮೀಸೆಯೂ ಬಿಳಿ.

"ಎಂತ ಅಣ್ಣ, ಫೋನು ಸಹ ಮಾಡದೆ? ಅತ್ತಿಗೆ ಮನೆಯಿಂದ ಓಡಿಸಿದ್ದಾ?"

ನಾನು ಒಮಾನಿನ ಮಾತು ತೆಗೆದೆ. ಮೈದಾನ, ಮ್ಯಾಟ್, ಸಾಲೆಂ. ಅವನು ನಗುತ್ತಲೇ ಕೇಳಿದ. ಆಮೇಲೆ ತಾನಾಗಿಯೇ ಹೇಳಿದ:

"ನಾನು ಊರಿಗೆ ಬಂದ ಹೊಸತರಲ್ಲಿ ಅಮ್ಮ ದಿನಾ ಬೆಳಿಗ್ಗೆ ಬೈಯ್ತಿದ್ರು. ನನ್ನ ಹಾಸಿಗೆಯ ಕಾಲಿನ ಕಡೆ ಬಿಳಿ ಮಣ್ಣು ಇರ್ತಿತ್ತು. ನಮ್ಮ ಕೆಂಪು ಮಣ್ಣಿನ ಊರಲ್ಲಿ ಬಿಳಿ ಮಣ್ಣು ಎಲ್ಲಿಂದ, ಹೇಳು. ಬಚ್ಚಲಿಗೆ ಹೋಗ್ಲಿಕ್ಕೇ ಇನ್ನೊಬ್ಬರು ಹಿಡಿಬೇಕಿತ್ತು ನನ್ನನ್ನು."

"ಎಷ್ಟು ದಿನ ಇತ್ತು?"

"ಒಂದು ಮೂರು ವಾರ. ಆಮೇಲೆ ನಿಂತಿತು." ಅವನು ನನ್ನ ಮುಖ ನೋಡಿದ. "ಎಂತಾಯ್ತು ಅಣ್ಣ? ನೀರು ಬೇಕಾ?"

ಬೇಡವೆಂದೆ. ಅಂಗಡಿಗೆ ಬಂದ ಹೆಂಗಸೊಬ್ಬಳು ಬೆಂಕಿಪೊಟ್ಟಣ ಕೊಂಡು ಹೋಗುವವರೆಗೆ ಕಾದೆ. ಆಮೇಲೆ ಅವನ ಎಡಗಾಲಿನ ಪಕ್ಕ ನೆಲದಲ್ಲಿ ಕೂತುಕೊಂಡೆ.

"ಶೇಖರ, ನಿನ್ನ ಕಾಲು ಹೋಗ್ತದೆ ಅಂತ ಸಾಲೆಂ ನನಗೆ ಮೊದಲೇ ಹೇಳಿದ್ದ. ನಾನು ನಿನಗೂ ಹೇಳ್ಲಿಲ್ಲ, ರಾವ್ ಸರಿಗೂ ಹೇಳ್ಲಿಲ್ಲ. ಅವರು ನೋಡಬಾರದು ಅಂತ ನಿನ್ನ ಹೆಜ್ಜೆ ಅಳಿಸಿದ್ದು ನಾನೇ. ತಪ್ಪಾಯ್ತು ಮಾರಾಯ. ನನ್ನಿಂದ ದೊಡ್ಡ ತಪ್ಪಾಯ್ತು."