ಉಡಿದಾರದ ಕೆಳಗಿನ ಗಾಯ

ನನ್ನ ಮಗನಿಗೆ ಒಂದೂವರೆ ವರ್ಷವಾಗಿದ್ದಾಗ ಅವನ ಮೈಯೆಲ್ಲ ನೇರಳೆ ಬಣ್ಣವಾಗಿತ್ತು. ಎಪ್ಪತ್ತರ ದಶಕದ ಒಂದು ಬೇಸಿಗೆ. ನಾವಾಗ ರಾಜಾಜಿನಗರದಲ್ಲಿ ಬಾಡಿಗೆ ಮನೆಯಲ್ಲಿದ್ದೆವು. ನಾನು, ಗಂಡ, ಅತ್ತೆ ಮತ್ತು ಈ ಮಗು. ಸೆಕೆಗೆ ಬೆವರುಸಾಲೆ ಎದ್ದಿತು, ಅವನು ಕೆರೆದು ಕೆರೆದು ಅದು ಕೀವುಗುಳ್ಳೆಯಾಯಿತು. ಒಂದು ಒಡೆದರೆ ಅದರ ನೀರು ತಾಗಿದ ಕಡೆಯೆಲ್ಲ ಇನ್ನಷ್ಟು ಏಳುತ್ತಿದ್ದವು. ಅವುಗಳ ಮೇಲೆ ಜೇನಿನ ಬಣ್ಣದ ಹಕ್ಕಳೆ. ಬಂದವರೆಲ್ಲ ಉಷ್ಣ ಅಂದರು, ದೃಷ್ಟಿ ಅಂದರು, ನಾನು ಬಸುರಿಯಾಗಿದ್ದಾಗ ಮಾವಿನಹಣ್ಣು ತಿಂದದ್ದು ಅಂದರು. ತಿಂದದ್ದು ನಿಜ. ಅದನ್ನು ಕೇಳಲು ಇವರ್ಯಾರು ಎಂದು ನನಗೆ ಮೈ ಉರಿಯುತ್ತಿತ್ತು.

ಮಾಗಡಿ ರಸ್ತೆಯ ಕಡೆ ಒಬ್ಬ ವಯಸ್ಸಾದ ಡಾಕ್ಟರಿದ್ದರು. ಅವರಲ್ಲಿಗೆ ಹೋಗುವಾಗ ಔಷಧಿಗೆ ಸೀಸೆ ನಾವೇ ಒಯ್ಯಬೇಕಿತ್ತು. ಅವರು ಮಗುವನ್ನು ನೋಡಿ ಪರ್ಮಾಂಗನೇಟ್ ಹರಳಿನ ಒಂದು ಪೊಟ್ಟಣ ಕೊಟ್ಟು, ನನ್ನ ಸೀಸೆಗೆ ನೇರಳೆ ಬಣ್ಣದ ಜೆನ್ಷನ್ ವಯೊಲೆಟ್ ತುಂಬಿಸಿದರು.

"ಬಕೆಟ್ ನೀರಿಗೆ ಒಂದೆರಡೇ ಹರಳು ಹಾಕಿ ಕರಗಿಸಮ್ಮ. ತಿಳಿ ಗುಲಾಬಿ ಬಣ್ಣ ಬಂದ್ರೆ ಸಾಕು, ಜಾಸ್ತಿ ಆದ್ರೆ ಚರ್ಮ ಸುಡುತ್ತೆ. ಅದ್ರಲ್ಲಿ ತೊಳೆದು, ಹಕ್ಕಳೆ ಮೆತ್ತಗಾದ ಮೇಲೆ ತೆಗೀರಿ. ಪೂರ್ತಿ ಒಣಗಿಸಿ ಆಮೇಲೆ ಈ ಬಣ್ಣ ಹಚ್ಚಿ."

ಹಚ್ಚಿದೆವು. ದಿಂಬು, ಚಾಪೆ, ನನ್ನ ಸೀರೆಯ ಸೆರಗು ಎಲ್ಲವೂ ನೇರಳೆಯಾಯಿತು. ಕಾರ್ಖಾನೆಗೆ ಹೊರಟಿದ್ದ ಗಂಡನ ಬಿಳಿ ಶರ್ಟಿನ ಬೆನ್ನ ಮೇಲೆ ಮಗುವಿನ ಪುಟ್ಟ ಹಸ್ತ ಅಚ್ಚಾಗಿತ್ತು. ಸಂಜೆ ಮನೆಗೆ ಬರುವವರೆಗೂ ಅವರಿಗೆ ಯಾರೂ ಹೇಳಿರಲಿಲ್ಲ. ಪಕ್ಕದ ಮನೆಯಾಕೆ "ಏನ್ರೀ, ನಿಮ್ಮನೇಲಿ ನೀಲಮೇಘಶ್ಯಾಮ ಓಡಾಡ್ತಾ ಇದಾನೆ" ಎಂದು ದಿನಾ ರೇಗಿಸುತ್ತಿದ್ದಳು. ಔಷಧಿ ಹಚ್ಚುವುದರಲ್ಲಿ ಅತ್ತೆಯವರದು ನನಗಿಂತ ಅಚ್ಚುಕಟ್ಟು. ಬೆತ್ತದ ಕಡ್ಡಿಗೆ ಹತ್ತಿ ಸುತ್ತಿ, ಗಾಯದ ಆಚೆ ಒಂದು ಚುಕ್ಕೆಯೂ ಬೀಳದಂತೆ ಹಚ್ಚುತ್ತಿದ್ದರು. ನಾನು ಹಚ್ಚಿದರೆ ಗೋಡೆಗೆ ಸುಣ್ಣ ಬಳಿದ ಹಾಗೆ ಎಂದು ಅವರ ದೂರು.

ಕೈಕಾಲಿನ ಗಾಯಗಳು ಒಣಗಿದವು, ಬೆನ್ನಿನದೂ ಹೋಯಿತು. ಸೊಂಟದ ಸುತ್ತ ಮಾತ್ರ ವಾಸಿಯಾಗಲೇ ಇಲ್ಲ. ಅಲ್ಲಿಂದ ಮತ್ತೆ ತೊಡೆಗೆ, ಹೊಟ್ಟೆಗೆ ಹರಡುತ್ತಿತ್ತು. ಅವನ ಸೊಂಟದಲ್ಲಿ ಕಪ್ಪು ನೂಲಿನ ಉಡಿದಾರವಿತ್ತು. ಅತ್ತೆ ಅದನ್ನು ಎರಡು ಬೆರಳಲ್ಲಿ ಎತ್ತಿ ಹಿಡಿಯುತ್ತಿದ್ದರು, ನಾನು ಕೆಳಗೆ ಬಣ್ಣ ಹಚ್ಚುತ್ತಿದ್ದೆ, ಆಮೇಲೆ ಅವರು ದಾರವನ್ನು ಮೆಲ್ಲಗೆ ಅಲ್ಲಿಗೇ ಇಳಿಸುತ್ತಿದ್ದರು. ಇಬ್ಬರಿಗೂ ಇದರಲ್ಲಿ ವಿಚಿತ್ರವೇನೂ ಕಂಡಿರಲಿಲ್ಲ. ಉಡಿದಾರವೆಂದರೆ ನಮಗೆ ಮೈಯ ಮೇಲಿನ ವಸ್ತುವಲ್ಲ, ಮೈಯೇ. ಹಳತಾದರೆ ಮೊದಲು ಹೊಸದನ್ನು ಕಟ್ಟಿ ಆಮೇಲೆ ಹಳೆಯದನ್ನು ತೆಗೆಯುತ್ತಿದ್ದೆವು. ಗಂಡುಮಗುವಿನ ಸೊಂಟ ಒಂದು ಗಳಿಗೆಯೂ ಬರಿದಾಗಿರಬಾರದು.

ಜ್ವರ ಬಂದಾಗ ಮತ್ತೆ ಡಾಕ್ಟರ ಬಳಿಗೆ ಓಡಿದೆವು. ಅವರು ಅತ್ತೆಯ ಕೈಯನ್ನು ಪಕ್ಕಕ್ಕೆ ಸರಿಸಿ ಸೊಂಟ ನೋಡಿದರು.

"ಗಾಯ ಎಲ್ಲಾ ದಾರದ ಸಾಲಲ್ಲೇ ಇದೆಯಲ್ಲಮ್ಮ. ಸ್ನಾನದ ನೀರು, ಕೀವು, ಎಲ್ಲಾನೂ ಈ ನೂಲು ಕುಡಿದು ಕೂತಿದೆ. ನೀವು ತೊಳೆದು ಔಷಧಿ ಹಚ್ತೀರಿ, ಇದು ಮತ್ತೆ ಅಂಟಿಸುತ್ತೆ. ತೆಗೆದುಹಾಕಿ."

"ಬೆಳ್ಳೀದು ಹಾಕ್ಲಾ ಡಾಕ್ಟ್ರೇ?" ಎಂದೆ.

"ಯಾವ್ದೂ ಬೇಡ. ಚರ್ಮ ಪೂರ್ತಿ ಕೂಡೋವರೆಗೂ ಸೊಂಟ ಖಾಲಿ ಇರ್ಲಿ. ಹೀಗೇ ಬಿಟ್ರೆ ನಂಜು ರಕ್ತಕ್ಕೆ ಇಳಿಯುತ್ತೆ, ಆಮೇಲೆ ನನ್ನ ಕೈಲಿರಲ್ಲ."

ಮನೆಗೆ ಬಂದವಳೇ ಕತ್ತರಿ ಹುಡುಕಿದೆ. ಅತ್ತೆ ಮಗುವನ್ನು ಎತ್ತಿಕೊಂಡು ದೇವರ ಮನೆಯ ಬಾಗಿಲಲ್ಲಿ ಕೂತುಬಿಟ್ಟರು. ಗಂಡನನ್ನು ಕೇಳಿದರೆ "ಅಮ್ಮನ್ನ ಒಂದ್ಮಾತು ಕೇಳು" ಎಂದು ಪೇಪರಿನ ಹಿಂದೆ ಮುಖ ಮರೆಸಿಕೊಂಡರು. ನನಗೆ ತಡೆಯಲಾಗಲಿಲ್ಲ. ಮಗುವಿಗಿಂತ ನಿಮಗೆ ದಾರ ಹೆಚ್ಚಾಯಿತಾ ಎಂದು ಜೋರಾಗಿಯೇ ಕೇಳಿದೆ. ಆ ಮಾತಿಗೆ ನಾನು ಇವತ್ತೂ ಪಶ್ಚಾತ್ತಾಪ ಪಟ್ಟಿಲ್ಲ. ಮಗುವಿನ ಮೈ ಕೆಂಡದಂತೆ ಸುಡುತ್ತಿತ್ತು.

ಅತ್ತೆ ಸಿಟ್ಟಾಗಲಿಲ್ಲ. ನನ್ನನ್ನು ನೋಡದೆ ಹೇಳಿದರು.

"ನಿನ್ನ ಗಂಡನಿಗಿಂತ ಮುಂಚೆ ನಂಗೊಬ್ಬ ಇದ್ದ ಕಣೇ. ಹೆಗ್ಗನಹಳ್ಳೀಲಿದ್ವಿ ಆಗ. ಜ್ವರ ಬಂತು, ಹೋಗ್ಬಿಟ್ಟ. ಮಣ್ಣಿಗೆ ಎತ್ಕೊಂಡು ಹೋಗೋ ಮುಂಚೆ ನಮ್ಮ ಮಾವನೋರು ಅವನ ಉಡಿದಾರ ಕತ್ತರಿಸಿದ್ರು. ಹಂಗೆ ಹೊಸದು ಕಟ್ದೆ ಕತ್ತರಿಸೋದು ಅವತ್ತು ಒಂದೇ ದಿನ ಕಣೇ. ಆ ಕತ್ತರಿ ಸದ್ದು ಇನ್ನೂ ಕಿವೀಲಿದೆ."

ಮದುವೆಯಾಗಿ ಅಷ್ಟು ದಿನವಾದರೂ ನನಗೆ ಈ ವಿಷಯ ಗೊತ್ತಿರಲಿಲ್ಲ. ಗಂಡನಿಗೂ ಗೊತ್ತಿರಲಿಲ್ಲವೆಂದು ಅವರು ಪೇಪರ್ ಕೆಳಗಿಟ್ಟ ರೀತಿಯಲ್ಲೇ ತಿಳಿಯಿತು. ನಾನು ಕತ್ತರಿಯನ್ನು ಗೂಡಿನಲ್ಲಿಟ್ಟು ಮಗುವಿನ ಹಣೆಗೆ ಒದ್ದೆ ಬಟ್ಟೆ ಹಾಕಲು ಕೂತೆ. ಅತ್ತೆಯ ಮೇಲೆ ಬಹಳ ಪ್ರೀತಿ ಬಂತು, ಆದರೆ ದಾರ ಇನ್ನೂ ಮಗುವಿನ ಸೊಂಟದಲ್ಲೇ ಇತ್ತು.

ಮಗು ಉಳಿಯಿತು, ಮುಂದೆ ಚೆನ್ನಾಗಿಯೇ ವಾಸಿಯಾಯಿತು ಎಂಬುದನ್ನು ಇಲ್ಲೇ ಹೇಳಿಬಿಡುತ್ತೇನೆ. ನನಗೇ ಓದುವಾಗ ಇಂಥ ಕಡೆ ಕಾಯಿಸುವವರನ್ನು ಕಂಡರಾಗದು. ಅವನೀಗ ನನ್ನನ್ನೇ ಗದರುವಷ್ಟು ದೊಡ್ಡವನು. ಆದರೆ ಮರುದಿನ ಬೆಳಿಗ್ಗೆ ನಮ್ಮ ಮನೆಯಲ್ಲಿ ಯಾರಿಗೂ ಅದು ಗೊತ್ತಿರಲಿಲ್ಲ.

ಆ ಬೆಳಿಗ್ಗೆ ನಾನು ಬಚ್ಚಲಲ್ಲಿ ಹರಳು ಕರಗಿಸುತ್ತಿದ್ದೆ. ಅತ್ತೆ ಮಗುವನ್ನು ಕಂಕುಳಲ್ಲಿ ಎತ್ತಿಕೊಂಡು ಬಂದರು. ಅವರ ಬಲಗೈ ಮಣಿಕಟ್ಟಿನಲ್ಲಿ, ಬಳೆಗಳ ಹಿಂದೆ, ಹೊಸ ಕಪ್ಪು ನೂಲು ಸುತ್ತಿತ್ತು.

"ಅವನ ಹೆಸರಲ್ಲಿ ನಾನು ಕಟ್ಕೊಂಡಿದೀನಿ. ಅವನದ್ದು ನನ್ನ ಕೈಲಿರುತ್ತೆ. ಬರಿದು ಅಂತ ಆಗಲ್ಲ, ಅಲ್ವೇನೇ?"

ಇದಕ್ಕೆ ಶಾಸ್ತ್ರದಲ್ಲಿ ಏನಿದೆಯೋ ನನಗೆ ಗೊತ್ತಿರಲಿಲ್ಲ, ಅವರಿಗೂ ಗೊತ್ತಿರಲಿಲ್ಲ. "ಆಗಲ್ಲ ಅತ್ತೆ" ಎಂದೆ.

"ಕತ್ತರಿ ತಾ."

"ನಾನು ಕತ್ತರಿಸ್ತೀನಿ, ನೀವು ಆಚೆ ಹೋಗಿ."

"ಬೇಡ. ನಾನೇ."

ಕತ್ತರಿಯನ್ನು ಕುದಿಯುವ ನೀರಿನಲ್ಲಿ ಅದ್ದಿ, ತಣ್ಣೀರು ಹೊಯ್ದು ಕೊಟ್ಟೆ. ಮಗುವನ್ನು ಬಚ್ಚಲ ಕಲ್ಲಿನ ಮೇಲೆ ನಿಲ್ಲಿಸಿ ಎರಡೂ ತೋಳು ಹಿಡಿದುಕೊಂಡೆ. ಜ್ವರಕ್ಕೆ ಅವನು ಮಂಕಾಗಿದ್ದ, ಹಿಂದಿನ ದಿನದಿಂದ ಒಂದು ಮಾತೂ ಆಡಿರಲಿಲ್ಲ. ಅತ್ತೆ ನೆಲದ ಮೇಲೆ ಕೂತು, ಗಾಯವಿಲ್ಲದ ಕಡೆ ಹುಡುಕಿ, ಬೆರಳನ್ನು ಅಡ್ಡ ಇಟ್ಟು ದಾರದ ಕೆಳಗೆ ಕತ್ತರಿ ತೂರಿಸಿದರು. ಕಣ್ಣು ಮುಚ್ಚಿಕೊಂಡರೆ ಎಂದು ನನಗೆ ಭಯವಾಯಿತು, ಮುಚ್ಚಲಿಲ್ಲ. ಕಚಕ್ಕೆಂದು ಸದ್ದಾಗಿ ದಾರ ನೀರಿಗೆ ಬಿತ್ತು.

ತಣ್ಣನೆಯ ಲೋಹ ಹೊಟ್ಟೆಗೆ ತಾಗಿ ಕಚಗುಳಿಯಾಯಿತೇನೋ, ಮಗು ಮೈ ಹಿಂಡಿಕೊಂಡು ಕಿಲಕಿಲ ನಕ್ಕಿತು. ಇನ್ನೊಮ್ಮೆ ಇಡು ಎನ್ನುವಂತೆ ಹೊಟ್ಟೆಯನ್ನು ಮುಂದೆ ಚಾಚಿತು.

ಅತ್ತೆ ಕತ್ತರಿ ಹಿಡಿದುಕೊಂಡೇ ಕೂತಿದ್ದರು. ಕಣ್ಣಿನ ನೀರು ಕೆನ್ನೆಯ ಮೇಲೆ ಇಳಿಯುತ್ತಿತ್ತು, ಒರೆಸಿಕೊಳ್ಳಲೂ ಇಲ್ಲ.

"ನಗ್ತಾ ಇದಾನೆ ಕಣೇ," ಎಂದರು. "ಕತ್ತರಿಸಿದ್ಮೇಲೂ ನಗ್ತಾ ಇದಾನೆ."