ಜಯತೀರ್ಥರಾಯರ ಶಾಕವ್ರತ

ವೆಸ್ಟ್ ಮಾಂಬಲಂನ ಜಯತೀರ್ಥರಾಯರು ರೈಲ್ವೆಯಿಂದ ನಿವೃತ್ತರಾದ ಮಾಧ್ವರು. ಏಕಾದಶಿಯ ದಿನವೇ ಬೆಸೆಂಟ್ ನಗರದ ಬೀಚಿಗೆ ಹೋಗಿ ಈರುಳ್ಳಿ ಬಜ್ಜಿ ತಿಂದು ಬರುವಂಥ ಮಾಧ್ವರು. ಅಂಥವರ ಕಾಲಿನಲ್ಲಿ ಹೆಪ್ಪುಗಟ್ಟಿದ ರಕ್ತ ಒಂದು ದಿನ ಶ್ವಾಸಕೋಶಕ್ಕೆ ಹೋಗಿ ಸಿಕ್ಕಿಕೊಂಡಿತು. ಕರಗಿಸೋಕೆ ಇಂಜೆಕ್ಷನ್ ಕೊಡ್ತೀವಿ, ಅದಕ್ಕೂ ಬಗ್ಗದಿದ್ದರೆ ಆಪರೇಷನ್, ಮತ್ತೆ ಬರದ ಹಾಗೆ ರಕ್ತನಾಳಕ್ಕೊಂದು ಫಿಲ್ಟರನ್ನೂ ಹಾಕಬಹುದು ಎಂದರು ಡಾಕ್ಟರು.

"ಫಿಲ್ಟರು ಕಾಫಿಗೆ ಸಾಕು," ಎಂದು ಏದುಸಿರಿನಲ್ಲೇ ರೇಗಿದ ರಾಯರು, ಒಳಗೊಳಗೇ ಹೆದರಿ, ಬದುಕಿದರೆ ಚಾತುರ್ಮಾಸ್ಯದಲ್ಲಿ ಸೊಪ್ಪು ತರಕಾರಿ ಮುಟ್ಟದ ಶಾಕವ್ರತ ಹಿಡಿಯುತ್ತೇನೆಂದು ಹರಕೆ ಹೊತ್ತರು.

ಇಂಜೆಕ್ಷನ್ನಿಗೇ ಹೆಪ್ಪು ಕರಗಿತು. ರಕ್ತ ತೆಳುವಾಗಿಸುವ ಮಾತ್ರೆ ಬರೆದುಕೊಟ್ಟ ಡಾಕ್ಟರು, "ಸೊಪ್ಪು ಯಾವಾಗಲೂ ಒಂದೇ ಅಳತೆಯಲ್ಲಿ ತಿನ್ನಿ. ಹೆಚ್ಚಾದರೆ ಮಾತ್ರೆ ಸೋಲುತ್ತೆ, ಬಿಟ್ಟರೆ ರಕ್ತ ಸೋರುತ್ತೆ," ಎಂದಿದ್ದರು. ಆಷಾಢ ಬಂತು. ರಾಯರು ಸೊಪ್ಪು, ತರಕಾರಿ ಎಲ್ಲ ಬಿಟ್ಟು ಮೆಣಸಿನಸಾರು ಅನ್ನಕ್ಕೆ ಇಳಿದರು. ಜನ್ಮದಲ್ಲಿ ಮೊದಲ ಸಲ ನೆಟ್ಟಗೆ ಹಿಡಿದ ವ್ರತ! ಬಜ್ಜಿ ತಿಂದಾಗ ಸುಮ್ಮನಿದ್ದ ದೇವರು, ವ್ರತ ಹಿಡಿದ ಕೆಲವೇ ದಿನಕ್ಕೆ ಮೂಗಿನಲ್ಲಿ ರಕ್ತ ತರಿಸಿದ.

ಡಾಕ್ಟರು ಮದ್ದಿನ ಜೊತೆ ಬೈಗುಳವನ್ನೂ ಕೊಟ್ಟು ಕಳಿಸಿದರು. ಮನೆಗೆ ಬಂದ ರಾಯರ ಎಲೆಗೆ ಹೆಂಡತಿ ಸೀತಾಬಾಯಿ ಸೊಪ್ಪಿನ ಹುಳಿ ಬಡಿಸಿದರು.

"ದೇವರಿಗೆ ಹರಕೆ ಹೊತ್ತಿದ್ದೀನಿ ಕಣೇ," ಎಂದು ರಾಯರು ಗೊಣಗಿದರು.

"ನಿಮ್ಮ ದೇವರು ಇನ್ನು ನಾಲ್ಕು ತಿಂಗಳು ಏಳೋದಿಲ್ಲ, ಯೋಗನಿದ್ರೆ. ಎಚ್ಚರವಾಗಿರೋದು ಡಾಕ್ಟರೊಬ್ಬರೇ. ತಿನ್ನಿ."