ಹತ್ತು ಗಂಟೆಗೆ ಮಲಗುವ ಹುಡುಗಿ

ನನಗೆ ಸಂಬಳ ಕೊಡುವುದೇ ಅನುಮಾನ ಪಡುವುದಕ್ಕೆ. ಬೇರೆಯವರು ಬರೆದ ಸಾಫ್ಟ್‌ವೇರ್ ಎಲ್ಲಿ ಕೈಕೊಡುತ್ತದೆ ಎಂದು ಹುಡುಕುವುದು ನನ್ನ ಕೆಲಸ. ಜರ್ಮನಿಯ ಸೇಂಟ್ ಲಿಯೋನ್-ರೋಟ್‌ನಲ್ಲಿ ಮನೆ ಮಾಡಿಕೊಂಡು ಇಪ್ಪತ್ತೈದು ವರ್ಷದಿಂದ ಇದನ್ನೇ ಮಾಡುತ್ತಿದ್ದೇನೆ. 'ಎಲ್ಲಾ ಸರಿಯಾಗಿದೆ' ಎಂದು ಯಾರಾದರೂ ಹೇಳಿದರೆ ನನ್ನ ಕಿವಿ ನೆಟ್ಟಗಾಗುತ್ತದೆ. ಆಫೀಸಿನಲ್ಲಿ ಇದಕ್ಕೆ ಶಹಬ್ಬಾಸ್ ಸಿಗುತ್ತದೆ. ಮನೆಯಲ್ಲಿ ಗಂಡ ಇದಕ್ಕೆ ಬೇರೆ ಹೆಸರಿಟ್ಟಿದ್ದಾನೆ, ಅದನ್ನು ಇಲ್ಲಿ ಬರೆಯುವುದಿಲ್ಲ.

ನಮ್ಮ ಒಬ್ಬಳೇ ಮಗಳು ಇಲ್ಲೇ ಹುಟ್ಟಿ, ಇಲ್ಲೇ ಓದುತ್ತಿರುವವಳು. ಕನ್ನಡದಲ್ಲಿ ಕೇಳಿದರೆ ಜರ್ಮನ್‌ನಲ್ಲಿ ಉತ್ತರ ಕೊಡುತ್ತಾಳೆ, ಸಿಟ್ಟು ಬಂದರೆ ಮಾತ್ರ ಕನ್ನಡ. ಅವಳ ವಿಶ್ವವಿದ್ಯಾಲಯದಿಂದ ಅಮೆರಿಕದ ಒಂದು ವಿಶ್ವವಿದ್ಯಾಲಯಕ್ಕೆ ಪ್ರತಿವರ್ಷ ಇಬ್ಬರನ್ನು ಒಂದು ಸೆಮಿಸ್ಟರ್ ಮಟ್ಟಿಗೆ ಕಳಿಸುತ್ತಾರೆ. ಆ ಎರಡು ಸೀಟಿನಲ್ಲಿ ಒಂದಕ್ಕಾಗಿ ಅವಳು ಎರಡು ವರ್ಷ ಒದ್ದಾಡಿದಳು. ಸಿಕ್ಕಿತು. ನಡುವೆ ಬಿಟ್ಟು ಬಂದರೆ ಒಂದು ಕ್ರೆಡಿಟ್ಟೂ ಉಳಿಯುವುದಿಲ್ಲ, ಇನ್ನೊಮ್ಮೆ ಅರ್ಜಿ ಹಾಕುವ ಹಾಗೂ ಇಲ್ಲ ಎಂದು ಮೊದಲ ದಿನವೇ ಬರೆದು ಕೊಟ್ಟರು. ಅವಳು ಓದದೆ ಸಹಿ ಹಾಕಿದಳು. ನಾನು ಎರಡು ಸಲ ಓದಿದೆ.

ಆಮೇಲೆ ಅಮೆರಿಕದಿಂದ ನಲವತ್ತು ಪುಟದ ಮಾರ್ಗದರ್ಶಿ ಬಂತು. ಅದನ್ನೂ ಮೊದಲು ಓದಿದ್ದು ನಾನೇ, ಪ್ರಿಂಟ್ ತೆಗೆದು, ಹಳದಿ ಪೆನ್ನು ಹಿಡಿದುಕೊಂಡು. ಜರ್ಮನಿಯ ಕಚೇರಿಗಳು ಪತ್ರ ಬರೆದರೆ ಎರಡನೇ ಸಾಲಿಗೇ ಗದರಿಸುತ್ತವೆ, ಅದರಲ್ಲಿ ಒಂಥರಾ ನೆಮ್ಮದಿಯಿದೆ. ಇದೋ, ಪುಟಪುಟಕ್ಕೂ 'ನಿಮ್ಮನ್ನು ನೋಡಲು ಕಾತರದಿಂದ ಕಾಯುತ್ತಿದ್ದೇವೆ' ಎನ್ನುತ್ತಿತ್ತು. ಯಾಕಪ್ಪಾ ಇಷ್ಟು ಕಾತರ? ನನ್ನ ಮಗಳಿಂದ ನಿಮಗೆ ಏನಾಗಬೇಕಾಗಿದೆ?

ಆದರೂ ಹೇಳಿದ್ದೆಲ್ಲ ಮಾಡಿದೆ. ದಡಾರದ ಲಸಿಕೆ ಎರಡು ಸಲ ಹಾಕಿಸಿದ್ದಕ್ಕೆ ತಾರೀಖು ಸಮೇತ ಪುರಾವೆ ಕೇಳಿದ್ದರು, ಇಂಫ್‌ಪಾಸ್ ಎನ್ನುವ ಹಳದಿ ಪುಸ್ತಕ ನನ್ನ ಫೈಲಿನಲ್ಲೇ ಇತ್ತು. ಪಾಸ್‌ಪೋರ್ಟಿನ ನಕಲು ಬೇರೆ ಚೀಲದಲ್ಲಿಡಿ ಎಂದಿದ್ದರು, ಮೂರು ಚೀಲದಲ್ಲಿಟ್ಟೆ. ಅಂಚೆ ವಿಳಾಸ ಕೇಳಿದಾಗ ಮಾತ್ರ ಹಾಸ್ಟೆಲಿನದು ಕೊಡಲಿಲ್ಲ. ಸಾವಿರ ಮಕ್ಕಳಿರುವ ಕಟ್ಟಡದಲ್ಲಿ ಯಾರ ಪತ್ರ ಯಾರ ಕೈಗೋ ಎಂದುಕೊಂಡು ಇನ್ಶೂರೆನ್ಸಿಗೆಲ್ಲ ನಮ್ಮ ಮನೆಯ ವಿಳಾಸವನ್ನೇ ಬರೆದೆ.

ಇಪ್ಪತ್ತೆರಡನೇ ಪುಟದಲ್ಲಿ ರೂಮ್‌ಮೇಟ್ ಪ್ರಶ್ನಾವಳಿ ಎಂದೊಂದಿತ್ತು. ಆನ್‌ಲೈನಿನಲ್ಲಿ ತುಂಬಬೇಕು. ಅದರ ಮೇಲೆ ದಪ್ಪ ಅಕ್ಷರದಲ್ಲಿ, 'ಪೋಷಕರೇ, ದಯವಿಟ್ಟು ಇದನ್ನು ವಿದ್ಯಾರ್ಥಿಯೇ ತುಂಬಲಿ' ಎಂದು ಬರೆದಿದ್ದರು. ನಲವತ್ತು ಪುಟದಲ್ಲಿ ನನಗೆ ಅತ್ಯಂತ ಗುಮಾನಿ ಬಂದದ್ದು ಈ ಸಾಲಿನ ಮೇಲೆ. ತಾಯಿಗೆ ಗೊತ್ತಾಗಬಾರದಂಥದ್ದು ಏನು ಕೇಳುತ್ತಾರೆ? ಮಗಳಿಗೆ ಆ ವಾರ ಪರೀಕ್ಷೆ. 'ನೀನು ಓದ್ಕೋ, ಲ್ಯಾಪ್‌ಟಾಪ್ ಇಲ್ಲಿ ಕೊಡು' ಎಂದೆ. ಅವಳು 'ಯಾ, ಡಾಂಕೆ' ಎಂದು ಜರ್ಮನಿನಲ್ಲೇ ಥ್ಯಾಂಕ್ಸ್ ಹೇಳಿ ತಲೆಯೆತ್ತದೆ ಕೊಟ್ಟಳು.

ಪ್ರಶ್ನೆಗಳನ್ನು ನೋಡಿ ನಗು ಬಂತು. ಎಷ್ಟು ಗಂಟೆಗೆ ಮಲಗುತ್ತೀರಿ, ರೂಮಿಗೆ ಸ್ನೇಹಿತರು ಬಂದರೆ ಹೇಗನಿಸುತ್ತದೆ, ಸಂಗೀತ ಹಾಕುತ್ತೀರಾ, ಎಷ್ಟು ನಿಶ್ಶಬ್ದ ಬೇಕು. ಇಂಥ ಫಾರ್ಮು ನಾನು ಹತ್ತಾರು ತುಂಬಿದ್ದೆ. ಈ ದೇಶದಲ್ಲಿ ಬಾಡಿಗೆ ಮನೆ ಹುಡುಕುವವರು ಜೆಲ್ಬ್ಸ್ಟ್‌ಆಸ್‌ಕುನ್ಫ್ಟ್ ಎನ್ನುವ ಕಾಗದ ತುಂಬಿ ಮಾಲೀಕರ ಮುಂದಿಡಬೇಕು. ನಮ್ಮ ಬಗ್ಗೆ ನಾವೇ ಬರೆದುಕೊಳ್ಳುವ ಸರ್ಟಿಫಿಕೇಟು ಅದು. ಸಾಕುಪ್ರಾಣಿ ಇಲ್ಲ, ವಾದ್ಯ ಇಲ್ಲ, ಸಿಗರೇಟಿಲ್ಲ, ನೆಂಟರಿಲ್ಲ. ನಿಜ ಬರೆದವರಿಗೆ ಮನೆ ಸಿಕ್ಕಿದ್ದು ನಾನು ಕಂಡಿಲ್ಲ. ನಾವು ಮೊದಲ ಮನೆ ಹಿಡಿದದ್ದೇ 'ಅಡುಗೆಗೆ ಒಗ್ಗರಣೆ ಹಾಕುವುದಿಲ್ಲ' ಎಂಬರ್ಥದ ಒಂದು ಜರ್ಮನ್ ವಾಕ್ಯ ಬರೆದು. ಆಮೇಲೆ ಏಳು ವರ್ಷ ಕಿಟಕಿ ಮುಚ್ಚಿಕೊಂಡು ಒಗ್ಗರಣೆ ಹಾಕಿದೆ. ಭಾನುವಾರ ಇಲ್ಲಿ ಸದ್ದು ಮಾಡುವಂತಿಲ್ಲ, ಮಿಕ್ಸಿ ತಿರುಗಿಸಬೇಕಾದರೆ ಅದನ್ನು ಟವೆಲ್ಲಿನಲ್ಲಿ ಸುತ್ತುತ್ತಿದ್ದೆ.

ಆ ಅನುಭವವನ್ನೆಲ್ಲ ಹಾಕಿ ಮಗಳ ಫಾರ್ಮು ತುಂಬಿದೆ. ಹತ್ತು ಗಂಟೆಗೆ ಮಲಗುತ್ತೇನೆ. ಅತಿಥಿಗಳು ಬೇಡ. ಸಂಗೀತ ಇಲ್ಲ. ನಿಶ್ಶಬ್ದ ಅತಿ ಮುಖ್ಯ, ಐದಕ್ಕೆ ಐದು. ಕೊನೆಗೆ 'ಇವು ನನ್ನವೇ ಉತ್ತರಗಳು' ಎನ್ನುವ ಚೌಕಕ್ಕೆ ಟಿಕ್ ಹಾಕಿ ಕಳಿಸಿದೆ. ಎಂಥ ಕಟ್ಟುನಿಟ್ಟಿನ ಮಾಲೀಕನಾದರೂ ಮೆಚ್ಚಲೇಬೇಕು, ಹಾಗಿತ್ತು.

ಆಗಸ್ಟ್‌ನಲ್ಲಿ ಅವಳು ಹೋದಳು. ಶನಿವಾರ ನಮ್ಮ ಸಂಜೆ ಏಳಕ್ಕೆ, ಅವಳ ಮಧ್ಯಾಹ್ನ ಹನ್ನೆರಡಕ್ಕೆ ಫೋನು ಎಂದು ಗೊತ್ತುಮಾಡಿಕೊಂಡೆವು. ಮೊದಲ ಶನಿವಾರ ಹುರುಪಿನಲ್ಲಿದ್ದಳು. ಎರಡನೆಯದಕ್ಕೆ ಪಿಸುಗುಟ್ಟಿದಳು.

'ಯಾಕೇ ಪಿಸಪಿಸ ಅಂತೀಯಾ?'

'ನಿಖ್ಟ್ಸ್, ಅಮ್ಮ. ಏನಿಲ್ಲ.'

ಮಟಮಟ ಮಧ್ಯಾಹ್ನದಲ್ಲಿ ತನ್ನ ರೂಮಿನಲ್ಲಿ ಕೂತು ಇಪ್ಪತ್ತೊಂದು ವರ್ಷದ ಹುಡುಗಿ ಪಿಸುಗುಟ್ಟುತ್ತಾಳೆಂದರೆ ಪಕ್ಕದಲ್ಲಿ ಯಾರೋ ಇದ್ದಾರೆ. ಅಷ್ಟು ಲೆಕ್ಕ ಹಾಕಲಾರದವಳಲ್ಲ ನಾನು. ಮೂರನೆಯ ವಾರದಿಂದ ಹಿಂದೆ ಗುರ್ ಎನ್ನುವ ಸದ್ದು. ಎಲ್ಲಿದ್ದೀಯಾ ಎಂದರೆ ಬಟ್ಟೆ ಒಗೆಯುವ ರೂಮಿನಲ್ಲಿ ಎಂದಳು. ಮುಂದಿನ ವಾರವೂ ಅಲ್ಲೇ. ಅದರ ಮುಂದಿನ ವಾರವೂ.

'ಇವಳ ಹತ್ತಿರ ಇರೋದೇ ಎಂಟು ಜೊತೆ ಬಟ್ಟೆ, ಯಾವಾಗ ನೋಡಿದ್ರೂ ಏನು ಒಗೀತಾಳೆ?' ಎಂದೆ ಗಂಡನಿಗೆ.

'ಕ್ಲೀನಾಗಿದಾಳೆ ಬಿಡೇ' ಎಂದ.

ಈ ಮನುಷ್ಯನಿಗೆ ಮನೆಗೆ ಬೆಂಕಿ ಬಿದ್ದರೂ ಚಳಿಗೆ ಒಳ್ಳೆಯದಾಯಿತು ಅನ್ನಿಸೀತು.

ಕ್ಯಾಮೆರಾ ಹಾಕು ಎಂದರೆ ನೆಟ್‌ವರ್ಕ್ ಇಲ್ಲ. ರೂಮ್‌ಮೇಟ್ ಹೇಗಿದ್ದಾಳೆ ಎಂದರೆ 'ಓಕೆ'. ಊಟ ಎಂದರೆ 'ಓಕೆ'. ಬಾಯಿ ತೆರೆದರೆ ಮುಚ್ಚದ ಹುಡುಗಿ ಒಂದೊಂದೇ ಪದ ಕೊಡತೊಡಗಿದಳು. ನನಗೆ ತಲೆ ಕೆಟ್ಟುಹೋಯಿತು. ಹುಡುಗನೋ? ಕ್ಲಾಸು ಬಿಟ್ಟಿದ್ದಾಳೋ? ಆಫೀಸಿನಲ್ಲಿ ಸ್ಕ್ರೀನ್ ಮುಂದೆ ಕೂತು ಸಾಲು ಸಾಲು ದೋಷ ಕಾಣದೆ ಬಿಟ್ಟೆ. ನಾಲ್ಕೂವರೆಗೆ ಮನೆಗೆ ಬಂದವಳೇ ಅವಳ ಖಾಲಿ ರೂಮಿನಲ್ಲಿ ಡ್ರಾಯರು ಎಳೆದು ನೋಡಿದೆ. ಏನು ಹುಡುಕುತ್ತಿದ್ದೇನೆಂದು ನನಗೇ ಗೊತ್ತಿರಲಿಲ್ಲ.

ಅಕ್ಟೋಬರ್ ಶುರುವಿನಲ್ಲಿ ಇನ್ಶೂರೆನ್ಸಿನವರ ಕವರು ಬಂತು, ಅವಳ ಹೆಸರಿಗೆ.

'ಒಡೀಬೇಡ. ಇಲ್ಲಿ ಬೇರೆಯವರ ಪತ್ರ ಒಡೆಯೋದು ಅಪರಾಧ' ಎಂದ ಗಂಡ.

'ಬೇರೆಯವರು ಯಾರು? ನಾನು ಹೆತ್ತವಳು' ಎಂದು ಒಡೆದೆ.

ಮೇಲೆಯೇ ದೊಡ್ಡದಾಗಿ 'ಇದು ಬಿಲ್ ಅಲ್ಲ' ಎಂದಿತ್ತು. ತಾನು ಏನಲ್ಲ ಎಂದು ಮೊದಲೇ ಹೇಳಿಕೊಳ್ಳುವ ಕಾಗದವನ್ನು ನಂಬುವುದು ಹೇಗೆ? ಕೆಳಗೆ ನಾಲ್ಕು ಸಾಲು. ನಾಲ್ಕು ವಾರ, ವಾರಕ್ಕೊಂದು ಸಲ, ವಿಶ್ವವಿದ್ಯಾಲಯದ ಆರೋಗ್ಯ ಕೇಂದ್ರ, ಐವತ್ತು ನಿಮಿಷ. ಐವತ್ತು! ನಮ್ಮ ಇಲ್ಲಿನ ಡಾಕ್ಟರು ಐದು ನಿಮಿಷದ ಮೇಲೆ ಕೂರಿಸಿದರೆ ಹೆದರಿಕೆಯಾಗುತ್ತದೆ. ಐವತ್ತು ನಿಮಿಷ ಹಿಡಿಯುವ ಕಾಯಿಲೆ ಯಾವುದು? ಏನೇನೋ ಕಾಯಿಲೆ ನೆನಪಿಗೆ ಬಂದವು. ತಾಯಂದಿರಿಗೆ ಮೊದಲು ಹೊಳೆಯುವುದೂ ಹೊಳೆಯಿತು, ಅದನ್ನು ಗಂಡನಿಗೂ ಹೇಳಲಿಲ್ಲ.

ಮಾರ್ಗದರ್ಶಿಯ ಕೊನೆಯ ಪುಟದಲ್ಲಿದ್ದ ನಂಬರಿಗೆ ಫೋನ್ ಮಾಡಿದೆ. ಒಬ್ಬ ಹೆಂಗಸು ಎತ್ತಿಕೊಂಡಳು, ಸಕ್ಕರೆಯಂಥ ದನಿ. ವಿದ್ಯಾರ್ಥಿಯ ಒಪ್ಪಿಗೆ ಇಲ್ಲದೆ ತಾಯಿತಂದೆಗೂ ಏನನ್ನೂ ಹೇಳುವಂತಿಲ್ಲ ಎಂದಳು. ನಾನು ದನಿಯೇರಿಸಿದೆ, ಅವಳು ಏರಿಸಲಿಲ್ಲ. ಕೊನೆಗೆ, 'ನೀವು ನಿಮ್ಮ ಮಗಳನ್ನೇ ಕೇಳಿ ನೋಡಿದಿರಾ?' ಎಂದಳು. ಮೈಯೆಲ್ಲ ಉರಿದುಹೋಯಿತು. ಕೇಳದೆ ಇರುತ್ತೇನೆಯೇ? ಕೇಳಿಕೇಳಿಯೇ ತಾನೆ ಅವಳು ಬಾಯಿ ಮುಚ್ಚಿದ್ದು. ಥ್ಯಾಂಕ್ಸ್ ಕೂಡ ಹೇಳದೆ ಫೋನ್ ಇಟ್ಟೆ.

ಶನಿವಾರ ಅವಳು ಕರೆ ಮಾಡಿದಾಗ ನಯವಾಗಿ ಶುರುಮಾಡಬೇಕೆಂದಿದ್ದೆ. ಆಗಲಿಲ್ಲ.

'ಐವತ್ತು ನಿಮಿಷ ಯಾವ ಡಾಕ್ಟರ್ ಹತ್ರ ಕೂತಿರ್ತೀಯಾ?'

ಅವಳು ಮೆಷಿನ್ನಿನ ಹತ್ತಿರದಿಂದ ದೂರ ಸರಿದಳು, ಗುರ್ ಸದ್ದು ಕಮ್ಮಿಯಾಯಿತು.

'ನನ್ನ ಪೋಸ್ಟ್ ಒಡೆದ್ಯಾ ಅಮ್ಮ?' ಕನ್ನಡದಲ್ಲಿ ಕೇಳಿದಳು. ಅಲ್ಲಿಗೆ ಸಿಟ್ಟು ಬಂದಿದೆಯೆಂದು ಗೊತ್ತಾಯಿತು.

'ಒಡೆದೆ. ಏನಾಗಿದೆ ನಿನಗೆ?'

'ನಾನು ವಾಪಸ್ ಬರ್ತೀನಿ. ಟಿಕೆಟ್ ನೋಡಿಟ್ಟಿದೀನಿ. ಮುಂದಿನ ಶುಕ್ರವಾರ.'

ಎರಡು ವರ್ಷ ಒದ್ದಾಡಿ ಗಿಟ್ಟಿಸಿಕೊಂಡ ಸೀಟು. ಬಂದರೆ ಕ್ರೆಡಿಟ್ ಸೊನ್ನೆ. ನನ್ನ ಬಾಯಿಗೆ ಬೈಗುಳವೇ ಬಂತು, ಅಷ್ಟರಲ್ಲಿ ಅವಳು ಅಳತೊಡಗಿದಳು. ಅಳುತ್ತಲೇ ಎಲ್ಲ ಹೇಳಿದಳು.

ರೂಮ್‌ಮೇಟ್ ಹತ್ತಕ್ಕೆ ದೀಪ ಆರಿಸುತ್ತಾಳೆ. ರೂಮಿನಲ್ಲಿ ಫೋನಿನಲ್ಲಿ ಮಾತಾಡುವಂತಿಲ್ಲ. ಯಾರೂ ಬರುವಂತಿಲ್ಲ. ಮೊದಲ ವಾರವೇ ನೆಲದ ನಡುವೆ ನೀಲಿ ಟೇಪ್ ಅಂಟಿಸಿದ್ದಾಳೆ, ಇದು ನಿನ್ನದು, ಅದು ನನ್ನದು. ಹಾಲಿನ ಬಾಟಲಿ ಮೇಲೆ ಹಾಲೆಷ್ಟಿದೆ ಎಂದು ಪೆನ್ನಿನಲ್ಲಿ ಗೆರೆ ಎಳೆದಿಡುತ್ತಾಳೆ. ರೂಮ್ ಬದಲಾಯಿಸಿ ಎಂದು ಹೌಸಿಂಗ್ ಆಫೀಸಿಗೆ ಹೋದರೆ ಅವರು ಫಾರ್ಮು ತೆಗೆದು ತೋರಿಸಿದರಂತೆ. ಹತ್ತು ಗಂಟೆಗೆ ಮಲಗುವ ಹುಡುಗಿ, ನಿಶ್ಶಬ್ದ ಐದಕ್ಕೆ ಐದು. ನೀನು ಕೇಳಿದ್ದನ್ನೇ ಹುಡುಕಿ ಕೊಟ್ಟಿದ್ದೇವಲ್ಲ ಎಂದರಂತೆ.

'ಇದು ನಮ್ಮಮ್ಮ ತುಂಬಿದ್ದು ಅಂತ ಹೇಳೋಕೆ ನಾಚಿಕೆ ಆಯ್ತು' ಎಂದಳು. 'ಎಲ್ಲರೂ ಅವರವರದು ಅವರವರೇ ತುಂಬಿದಾರೆ.'

'ಆ ಹುಡುಗಿ ಇಂಥಾ ರಾಕ್ಷಸಿ ಅಂತ ನನಗೇನು ಗೊತ್ತು!'

'ಅವಳು ಕೆಟ್ಟವಳಲ್ಲ ಅಮ್ಮ. ಅವಳು ನಿಜ ಬರೆದಿದ್ದಳು, ಅಷ್ಟೇ.'

ಜರ್ಮನಿಯ ಮನೆ ಮಾಲೀಕನಿಗೆ ಹೇಳಬೇಕಾದ ಸುಳ್ಳನ್ನು ನಾನು ಅಮೆರಿಕಕ್ಕೆ ಕಳಿಸಿದ್ದೆ. ಅವರು ಪಾಪ, ಅಕ್ಷರಶಃ ನಂಬಿದ್ದರು.

'ಆ ಡಾಕ್ಟರ್ ಹತ್ರ ಏನು ಮಾಡ್ತೀಯಾ?' ಎಂದೆ, ಮೆಲ್ಲಗೆ.

'ಡಾಕ್ಟರಲ್ಲ, ಕೌನ್ಸೆಲರ್, ಒಬ್ಬ ಲೇಡಿ. ಮಾತಾಡ್ತೀನಿ. ಜೋರಾಗಿ ಮಾತಾಡ್ತೀನಿ. ಐವತ್ತು ನಿಮಿಷ.'

ನನಗೆ ಹೊಟ್ಟೆಕಿಚ್ಚಾಯಿತು. ಮುಚ್ಚಿಡುವುದೇನು, ಆ ಅಪರಿಚಿತ ಹೆಂಗಸಿನ ಮೇಲೆ ಹೊಟ್ಟೆ ಉರಿಯಿತು. ನನಗೆ 'ಓಕೆ', ಅವಳಿಗೆ ಐವತ್ತು ನಿಮಿಷ.

'ನಾನು ಆಫೀಸಿನವರಿಗೆ ಮೇಲ್ ಬರೀತೀನಿ, ತಪ್ಪು ನನ್ನದೇ ಅಂತ...'

'ನೈನ್! ಬೇಡ!' ಎಂದು ಕಿರುಚಿದಳು. ಆಮೇಲೆ ಸಮಾಧಾನವಾಗಿ ಹೇಳಿದಳು. ಕೌನ್ಸೆಲರ್ ಹೇಳಿದ ಮೇಲೆ ಇವಳೇ ಹೋಗಿ ಆಫೀಸಿನಲ್ಲಿ ನಿಜ ಒಪ್ಪಿಕೊಂಡಿದ್ದಾಳೆ. ಅವರು ಬೈಯಲಿಲ್ಲ. ಹೊಸ ಫಾರ್ಮು ಕೊಟ್ಟಿದ್ದಾರೆ, ಸೋಮವಾರದೊಳಗೆ ತುಂಬಿದರೆ ಬೇರೆ ರೂಮು ನೋಡುತ್ತೇವೆ ಎಂದಿದ್ದಾರೆ. ಮೂರು ದಿನದಿಂದ ತೆರೆದು ಮುಚ್ಚುತ್ತಿದ್ದಾಳೆ.

'ಯಾಕೆ ತುಂಬಲಿಲ್ಲ?'

'ಏನು ಬರೆದರೆ ಸರಿ ಅಂತ ಗೊತ್ತಾಗ್ತಿಲ್ಲ. ನಾನು ಯಾವತ್ತೂ ತುಂಬಿಲ್ಲವಲ್ಲ.'

ಹೌದು. ಕಿಂಡರ್‌ಗಾರ್ಟನ್‌ನಿಂದ ವೀಸಾದವರೆಗೆ ಅವಳ ಒಂದು ಫಾರ್ಮನ್ನೂ ನಾನು ಅವಳ ಕೈಗೆ ಕೊಟ್ಟಿರಲಿಲ್ಲ.

'ಈಗ ತುಂಬು' ಎಂದೆ. 'ನಾನು ಲೈನಲ್ಲಿರ್ತೀನಿ. ಬಾಯಿ ಬಿಡಲ್ಲ.'

ಅವಳು ಒಂದೊಂದೇ ಪ್ರಶ್ನೆ ಓದಿ ಉತ್ತರ ಹೇಳುತ್ತ ಹೋದಳು. ಮಲಗುವುದು ಒಂದು ಗಂಟೆಗೆ. ಸ್ನೇಹಿತರು ಬರಲಿ, ಬಂದು ಉಳಿಯಲಿ. ನಿಶ್ಶಬ್ದ? ಒಂದೇ ಒಂದು. ಸಣ್ಣ ದೀಪ ಬೇಕು, ಪೂರ್ತಿ ಕತ್ತಲಾದರೆ ಭಯ ಎಂದು ಬರೆದಳು. ಎಷ್ಟೋ ವರ್ಷ ಅವಳ ಬಾಗಿಲ ಕೆಳಗೆ ಮೊಬೈಲ್ ಬೆಳಕು ಕಂಡಾಗಲೆಲ್ಲ ಯಾರ ಜೊತೆಗೋ ಚಾಟ್ ಮಾಡುತ್ತಿದ್ದಾಳೆ ಎಂದು ಒಳಗೆ ನುಗ್ಗಿದ್ದೆ. ಈಗ ಬಾಯಿ ಬಿಡಲಿಲ್ಲ, ಮಾತು ಕೊಟ್ಟಿದ್ದೆನಲ್ಲ. ಪಕ್ಕದಲ್ಲಿ ಬಂದು ನಿಂತಿದ್ದ ಗಂಡ ನನ್ನ ಮುಖ ನೋಡಿ ನೀರು ತಂದುಕೊಟ್ಟ.

ಕೊನೆಯ ಪ್ರಶ್ನೆ ಇದು: ತೀರಾ ಕಷ್ಟವಾದಾಗ ನೀವು ಯಾರ ಹತ್ತಿರ ಹೋಗುತ್ತೀರಿ?

ಪ್ರಶ್ನೆಯನ್ನಷ್ಟೇ ಓದಿದಳು. ಆಮೇಲೆ ಕೀಲಿಮಣೆಯ ಸದ್ದು ಕೇಳಿಸಿತು, ನಾಲ್ಕೈದು ಅಕ್ಷರದ್ದೇ ಇರಬೇಕು. ಉತ್ತರ ಓದಿ ಹೇಳಲಿಲ್ಲ.

'ಆಯ್ತಮ್ಮ. ಕಳಿಸ್ದೆ' ಎಂದಳು.

ಎರಡು ವಾರದಲ್ಲಿ ಬೇರೆ ರೂಮು ಸಿಕ್ಕಿತು. ಟಿಕೆಟ್ಟಿನ ಮಾತು ಮತ್ತೆ ಬರಲಿಲ್ಲ, ಸೆಮಿಸ್ಟರ್ ಮುಗಿಸಿಯೇ ಬಂದಳು. ಈಗ ದಿನಾ ಎದುರಿಗೇ ಕೂತು ಊಟ ಮಾಡುತ್ತಾಳೆ. ಆ ಕೊನೆಯ ಉತ್ತರ ಏನೆಂದು ನಾನು ಇವತ್ತಿನವರೆಗೂ ಕೇಳಿಲ್ಲ. ಕೇಳಿದರೆ ನಿಜ ಹೇಳುತ್ತಾಳೆ, ಅದಕ್ಕೇ ಕೇಳಿಲ್ಲ.